ಬಲಗಡೆಯ ಮೋಟಾರು

ಬ್ಯಾಟರಿಯಿಂದ ಓಡುವ ಗಾಲಿಕುರ್ಚಿ ನಿಂತುಹೋದಾಗ ಅದನ್ನು ನೋಡಲು ಬಂದವರು ಹೆಚ್ಚಾಗಿ ಹೇಳುವುದು ಒಂದೇ ಮಾತು: ಮೋಟಾರು ಹೋಗಿದೆ, ಹೊಸದು ಹಾಕಿಸಬೇಕು. ಹಾಗೆ ಹೇಳುವಾಗ ಅವರ ಮನಸ್ಸಿನಲ್ಲಿರುವುದು ಮೂರು ಬೇರೆ ಬೇರೆ ಭಾಗಗಳ ಒಂದು ಜೋಡಣೆ. ನಡುವೆ ಇರುವುದು 24 ವೋಲ್ಟಿನ ಡಿಸಿ ಮೋಟಾರು. ಅದರ ಮುಂದೆ, ನಿಮಿಷಕ್ಕೆ ಮೂರು ಸಾವಿರದ ಆಸುಪಾಸಿನ ಸುತ್ತುಗಳನ್ನು ನೂರರ ಹತ್ತಿರಕ್ಕೆ ಇಳಿಸಿ, ದಿಕ್ಕನ್ನೂ ಲಂಬಕೋನಕ್ಕೆ ತಿರುಗಿಸಿ ಚಕ್ರಕ್ಕೆ ಒಪ್ಪಿಸುವ ಗೇರ್‌ಬಾಕ್ಸ್ ಇರುತ್ತದೆ. ಹಿಂಬದಿಯಲ್ಲಿ, ಪ್ಲಾಸ್ಟಿಕ್ ಮುಚ್ಚಳದೊಳಗೆ, ವಿದ್ಯುತ್ಕಾಂತದ ಬ್ರೇಕು. ಮಾರುಕಟ್ಟೆಯಲ್ಲಿ ಈ ಮೂರೂ ಒಂದೇ ಪೆಟ್ಟಿಗೆಯಲ್ಲಿ ಬರುವುದರಿಂದ, ಯಾವುದು ಕೆಟ್ಟರೂ ಮೂರನ್ನೂ ಬದಲಾಯಿಸುವುದು ರೂಢಿಯಾಗಿಬಿಟ್ಟಿದೆ. ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ ಒಂದು ಕಾರ್ಬನ್ ತುಂಡು ಸವೆದದ್ದಕ್ಕೆ ಇಡೀ ಜೋಡಣೆಯನ್ನು ಹೊರದೇಶದಿಂದ ತರಿಸಿ ಎನ್ನುವ ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಏಕೆ ಎಂಬುದನ್ನು ನನ್ನ ಅಕ್ಕನ ಕುರ್ಚಿಯನ್ನು ಮುಂದಿಟ್ಟುಕೊಂಡು ವಿವರವಾಗಿ ಬರೆಯುತ್ತಿದ್ದೇನೆ.

ಅಕ್ಕನಿಗೆ ಎಳೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿತ್ತು. ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯವನ್ನು ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೊಮುಕ್ತವೆಂದು ಘೋಷಿಸಿದ್ದು 2014ರ ಮಾರ್ಚ್‌ನಲ್ಲಿ. ಆದರೆ ಅದಕ್ಕೂ ದಶಕಗಳ ಹಿಂದೆ ಆ ರೋಗಕ್ಕೆ ತುತ್ತಾದ ಒಂದು ದೊಡ್ಡ ತಲೆಮಾರು ಈಗ ಐವತ್ತು ಅರವತ್ತರ ವಯಸ್ಸಿನಲ್ಲಿದೆ. ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲಿನ ಮೇಲೆ ಮೈಭಾರ ಹಾಕಿ ಓದಿ, ನೌಕರಿ ಮಾಡಿ, ಮನೆ ನಡೆಸಿದ ಇವರಲ್ಲಿ ಅನೇಕರಿಗೆ ಈಗ ಭುಜದ ಕೀಲು ಸವೆದಿದೆ, ಉಳಿದಿದ್ದ ಸ್ನಾಯುಗಳೂ ಬಲಗುಂದುತ್ತಿವೆ. ಕೈಯಿಂದ ತಳ್ಳಿಕೊಳ್ಳುವ ಕುರ್ಚಿಯೂ ಅವರಿಗೆ ಕಷ್ಟವಾಗುತ್ತದೆ. ಅಕ್ಕ ವಿದ್ಯುತ್ ಕುರ್ಚಿಗೆ ಬಂದದ್ದು ಹೀಗೆ. ಅವಳ ಬೆನ್ನುಮೂಳೆ ಬಲಕ್ಕೆ ಬಾಗಿರುವುದರಿಂದ ಆಸನದ ಒರಗು, ಪಕ್ಕದ ಆಧಾರ, ಪಾದದ ಹಲಗೆಯ ಎತ್ತರ, ಜಾಯ್‌ಸ್ಟಿಕ್ ಇರುವ ಜಾಗ ಎಲ್ಲವನ್ನೂ ಅವಳ ಮೈಗೆ ಹೊಂದುವಂತೆ ತಿದ್ದಿ ತಿದ್ದಿ ಮಾಡಿಸಲಾಗಿದೆ. ಕುರ್ಚಿ ಹಳೆಯದಾಯಿತು, ಹೊಸ ಕುರ್ಚಿಯನ್ನೇ ಕೊಳ್ಳಿ ಎಂದು ಹಿತ ಹೇಳುವವರಿಗೆ ಈ ವಿಷಯ ಹೊಳೆಯುವುದಿಲ್ಲ. ಹೊಸ ಕುರ್ಚಿ ಎಂದರೆ ಮೈಯನ್ನು ಮತ್ತೆ ಮೊದಲಿನಿಂದ ಒಗ್ಗಿಸಬೇಕು. ಒತ್ತಡ ತಪ್ಪಾದ ಜಾಗದಲ್ಲಿ ಬಿದ್ದರೆ ಚರ್ಮ ಒಡೆದು ಹುಣ್ಣಾಗುವ ಭಯ ಬೇರೆ.

ಕುರ್ಚಿ ಒಮ್ಮೆಲೇ ನಿಲ್ಲಲಿಲ್ಲ. ಮೊದಲಿಗೆ ಹೊರಡುವಾಗ ಬಲಕ್ಕೆ ಎಳೆಯತೊಡಗಿತು, ಅಂದರೆ ಬಲಚಕ್ರ ಹಿಂದುಳಿಯುತ್ತಿತ್ತು. ಆಮೇಲೆ ನಡುನಡುವೆ ನಿಂತು, ಜಾಯ್‌ಸ್ಟಿಕ್‌ನ ದೀಪಗಳು ಮಿನುಗುತ್ತಿದ್ದವು. ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಸ್ವಲ್ಪ ದೂರ ಓಡುತ್ತಿತ್ತು. ಅವಳ ಕುರ್ಚಿಯಲ್ಲಿರುವುದು ವಿಆರ್2 ಎಂಬ, ಬಹಳ ಕುರ್ಚಿಗಳಲ್ಲಿ ಕಾಣಸಿಗುವ ಕಂಟ್ರೋಲರ್, ಅಂದರೆ ಮೋಟಾರುಗಳಿಗೆ ಬೇಕಾದಷ್ಟು ವಿದ್ಯುತ್ ಹಂಚುವ ಭಾಗ. ಅದರಲ್ಲಿ ಎಷ್ಟು ದೀಪ ಮಿನುಗುತ್ತವೆ ಎಂಬುದೇ ದೋಷದ ಸೂಚನೆ: ಎರಡು ಮಿನುಗಿದರೆ ಎಡ ಮೋಟಾರಿನ ಸಂಪರ್ಕ ಸರಿಯಿಲ್ಲ, ನಾಲ್ಕು ಮಿನುಗಿದರೆ ಬಲ ಮೋಟಾರಿನದು, ಒಂಬತ್ತು ಮಿನುಗಿದರೆ ಬ್ರೇಕಿನ ಸಂಪರ್ಕ. ನಮಗೆ ಕಂಡದ್ದು ನಾಲ್ಕು. ಇದು ಮೋಟಾರು ಸತ್ತಿದೆ ಎಂಬ ಸೂಚನೆಯಲ್ಲ ಎಂಬುದನ್ನು ಗಮನಿಸಬೇಕು. ಕಂಟ್ರೋಲರ್‌ನಿಂದ ಮೋಟಾರಿನ ಸುರುಳಿಯವರೆಗಿನ ದಾರಿ ಎಲ್ಲೋ ಕಡಿದಿದೆ ಎಂದಷ್ಟೇ ಅದು ಹೇಳುತ್ತದೆ. ದಾರಿಯಲ್ಲಿ ಮೊದಲು ಸಿಗುವುದು ಪ್ಲಗ್ಗು, ಆಮೇಲೆ ತಂತಿ, ಆಮೇಲೆ ತಿರುಗುವ ಭಾಗಕ್ಕೆ ಒತ್ತಿಕೊಂಡು ವಿದ್ಯುತ್ ದಾಟಿಸುವ ಕಾರ್ಬನ್, ಆಮೇಲೆ ಅದು ಉಜ್ಜುವ ತಾಮ್ರದ ಪಟ್ಟಿಗಳ ಬಳೆಯಾದ ಕಮ್ಯುಟೇಟರ್, ಕೊನೆಗೆ ಸುರುಳಿ. ಸುಡುವ ಸಾಧ್ಯತೆ ಇರುವುದು ಕೊನೆಯದಕ್ಕೆ. ಮೊದಲ ಮೂರೂ ಸುಲಭವಾಗಿ ಸರಿಹೋಗುವಂಥವು.

ಮೋಟಾರಿನಿಂದ ಬರುವ ಪ್ಲಗ್ಗಿನಲ್ಲಿ ಎರಡು ದಪ್ಪ ತಂತಿ, ಎರಡು ಸಪೂರ ತಂತಿ ಇರುತ್ತವೆ. ದಪ್ಪನೆಯವು ಮೋಟಾರಿಗೆ, ಸಪೂರದವು ಬ್ರೇಕಿಗೆ. ಸಾಧಾರಣ ಮಲ್ಟಿಮೀಟರಿನಿಂದ ನೋಡಿದರೆ ಸುಸ್ಥಿತಿಯ ಮೋಟಾರು ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಬ್ರೇಕಿನ ಸುರುಳಿ ಹಲವು ಹತ್ತು ಓಮ್ ತೋರಿಸಬೇಕು. ಮೋಟಾರನ್ನು ಅಳೆಯುವಾಗ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಅಳೆಯುವುದು ಮುಖ್ಯ, ಏಕೆಂದರೆ ಕಮ್ಯುಟೇಟರಿನ ಒಂದು ಪಟ್ಟಿಯ ಮೇಲೆ ಸರಿಯಾಗಿ ಕೂತ ಕಾರ್ಬನ್ ಮುಂದಿನ ಪಟ್ಟಿಯಲ್ಲಿ ಕೈಕೊಡಬಹುದು. ಬಲಗಡೆಯ ಮೋಟಾರಿನ ಅಳತೆ ಹಾಗೇ ಏರಿಳಿಯುತ್ತಿತ್ತು, ಕೆಲವು ಕಡೆ ಪೂರ್ತಿ ಕಡಿದುಹೋಗುತ್ತಿತ್ತು. ಎಡಗಡೆಯದು ಎಲ್ಲಿ ತಿರುಗಿಸಿದರೂ ಒಂದೇ ಸಮನಾಗಿತ್ತು. ಎರಡು ಮೋಟಾರುಗಳಿರುವ ಯಂತ್ರದಲ್ಲಿ ಇದೊಂದು ದೊಡ್ಡ ಅನುಕೂಲ: ಕೆಟ್ಟದ್ದರ ಪಕ್ಕದಲ್ಲೇ ಸರಿಯಾದದ್ದು ಅಳತೆಗೋಲಾಗಿ ಇರುತ್ತದೆ. ಸರ್ವಿಸ್ ಕಂಪನಿಯವರು ಇಷ್ಟನ್ನೂ ನೋಡದೆ ಬಲಗಡೆಯ ಜೋಡಣೆಗೆ ಬೆಲೆಪಟ್ಟಿ ಕಳುಹಿಸಿದ್ದರು. ಸರಕು ಬಂದು ಸೇರಲು ತಿಂಗಳುಗಳು ಹಿಡಿಯಬಹುದು ಎಂದೂ ತಿಳಿಸಿದ್ದರು. ಮಿಕ್ಸಿ ಕೆಟ್ಟು ತಿಂಗಳು ಕಾದರೆ ರುಬ್ಬುವ ಕೆಲಸವಷ್ಟೇ ಹಿಂದೆ ಬೀಳುತ್ತದೆ. ಗಾಲಿಕುರ್ಚಿ ಕೆಟ್ಟು ತಿಂಗಳು ಕಾಯುವುದೆಂದರೆ ಒಬ್ಬ ವ್ಯಕ್ತಿ ಅಷ್ಟು ಕಾಲ ಹಾಸಿಗೆಯಲ್ಲಿರುವುದು.

ಇನ್ನು ಯಾರ ಬಳಿಗೆ ಒಯ್ಯಬೇಕು ಎಂಬ ಪ್ರಶ್ನೆ. ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಮೋಟಾರ್ ರಿವೈಂಡಿಂಗ್ ಅಂಗಡಿಯೊಂದು ಸಿಗುತ್ತದೆ, ಆದರೆ ಅವರ ಕೈ ಪಳಗಿರುವುದು ಕೊಳವೆಬಾವಿಯ ಪಂಪ್‌ಸೆಟ್ಟುಗಳಲ್ಲಿ. ಅವು ಮೂರು ಫೇಸಿನ ಇಂಡಕ್ಷನ್ ಮೋಟಾರುಗಳು. ಅವುಗಳಲ್ಲಿ ಕಾರ್ಬನ್ ಇಲ್ಲ, ಕಮ್ಯುಟೇಟರ್ ಇಲ್ಲ, ಶಾಶ್ವತ ಅಯಸ್ಕಾಂತವೂ ಇಲ್ಲ. ಗಾಲಿಕುರ್ಚಿಯ ಮೋಟಾರಿನ ಹತ್ತಿರದ ನೆಂಟರೆಂದರೆ ಲಾರಿ ಬಸ್ಸುಗಳ ಸ್ಟಾರ್ಟರ್, ಹಳೆಯ ಡೈನಮೊ, ವೈಪರ್ ಮತ್ತು ರೇಡಿಯೇಟರ್ ಫ್ಯಾನಿನ ಮೋಟಾರುಗಳು. ಆದ್ದರಿಂದ ನಾವು ಹೋದದ್ದು ಶಿವಮೊಗ್ಗದಲ್ಲಿ ವಾಹನಗಳ ಸ್ಟಾರ್ಟರ್ ಸರಿಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ. ಅವರಲ್ಲಿ ಗ್ರೌಲರ್ ಎಂಬ ಸಾಧನ ಇತ್ತು. ಆರ್ಮೇಚರನ್ನು, ಅಂದರೆ ಸುರುಳಿ ಸುತ್ತಿದ ತಿರುಗುವ ಭಾಗವನ್ನು, ಅದರ ಮೇಲೆ ಇಟ್ಟು, ಹ್ಯಾಕ್‌ಸಾ ಬ್ಲೇಡನ್ನು ಸುರುಳಿ ಕೂರುವ ಒಂದೊಂದೇ ಸೀಳಿನ ಮೇಲೆ ಹಿಡಿಯುತ್ತ ಹೋದರೆ, ಒಳಗೆ ಸುರುಳಿಗಳು ಒಂದಕ್ಕೊಂದು ತಗುಲಿದ್ದ ಜಾಗದಲ್ಲಿ ಬ್ಲೇಡು ನಡುಗಿ ಸದ್ದು ಮಾಡುತ್ತದೆ. ನಮ್ಮ ಆರ್ಮೇಚರಿನ ಮೇಲೆ ಬ್ಲೇಡು ಎಲ್ಲಿಯೂ ನಡುಗಲಿಲ್ಲ. ಸುರುಳಿ ಕ್ಷೇಮವಾಗಿತ್ತು. ಬೆಲೆಪಟ್ಟಿಯಲ್ಲಿ ಕೆಟ್ಟಿದೆ ಎಂದು ಬರೆದಿದ್ದ ಭಾಗ ಕೆಟ್ಟಿರಲೇ ಇಲ್ಲ.

ಬಿಚ್ಚುವ ಮೊದಲು ಅವರು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಮೋಟಾರಿನ ಕವಚ ಮತ್ತು ಕಾರ್ಬನ್ ಕೂರುವ ಮುಚ್ಚಳ ಎರಡಕ್ಕೂ ಸೇರುವಂತೆ ಮೊಳೆಯಿಂದ ಒಂದು ಗೆರೆ ಗೀರಿದರು. ಅಯಸ್ಕಾಂತಗಳು ಕವಚದ ಒಳಗೋಡೆಗೆ ಅಂಟಿರುತ್ತವೆ, ಕಾರ್ಬನ್‌ಗಳು ಮುಚ್ಚಳದಲ್ಲಿರುತ್ತವೆ. ಮುಚ್ಚಳ ಸ್ವಲ್ಪ ತಿರುಗಿ ಕೂತರೂ ಮುಂದಕ್ಕೆ ಹೋಗುವ ವೇಗ ಒಂದು, ಹಿಂದಕ್ಕೆ ಬರುವ ವೇಗ ಇನ್ನೊಂದು ಆಗಿ, ಕಮ್ಯುಟೇಟರಿನ ಮೇಲೆ ಕಿಡಿ ಏಳುತ್ತದೆ. ಲಾರಿಯ ಸ್ಟಾರ್ಟರ್ ಒಂದೇ ದಿಕ್ಕಿಗೆ ತಿರುಗುವುದು. ಕುರ್ಚಿಯ ಮೋಟಾರು ಎರಡೂ ದಿಕ್ಕಿಗೆ ಸಮನಾಗಿ ದುಡಿಯಬೇಕು ಎಂಬುದನ್ನು ಅವರು ಕೇಳಿ ತಿಳಿದುಕೊಂಡ ಮೇಲೆಯೇ ಸ್ಕ್ರೂಗೆ ಕೈಹಾಕಿದ್ದು. ಫೆರೈಟ್ ಅಯಸ್ಕಾಂತ ಸುಲಭವಾಗಿ ಚಕ್ಕೆ ಏಳುವ ವಸ್ತು, ಆದ್ದರಿಂದ ಕವಚಕ್ಕೆ ಸುತ್ತಿಗೆಯ ಪೆಟ್ಟು ತಾಗಿಸಲೂಬಾರದು.

ಒಳಗೆ ನಾಲ್ಕು ಕಾರ್ಬನ್‌ಗಳಿದ್ದವು. ಅವುಗಳಲ್ಲಿ ಒಂದು ತನ್ನ ಗೂಡಿನಲ್ಲಿ ಕಚ್ಚಿಕೊಂಡು ಕೆಳಗಿಳಿಯದೆ ನಿಂತಿತ್ತು, ಅದರ ಜೋಡಿಯ ಕಾರ್ಬನ್ ಅದರ ಪಾಲಿನ ಕರೆಂಟನ್ನೂ ಹೊತ್ತು ಸವೆದಿತ್ತು. ಸವೆದ ಪುಡಿ ಎಲ್ಲೆಡೆ ಹರಡಿ, ಕಮ್ಯುಟೇಟರಿನ ಪಟ್ಟಿಗಳ ನಡುವಿನ ಸಂದುಗಳನ್ನು ತುಂಬಿತ್ತು. ಇಂಥ ಹೊತ್ತಿನಲ್ಲಿ ಅಂಗಡಿಯಲ್ಲಿರುವ, ಅಳತೆಗೆ ಹತ್ತಿರವಾದ ಯಾವುದಾದರೂ ಕಾರ್ಬನ್ ತುರುಕಿ ಕಳುಹಿಸುವುದು ಅತಿ ಸಾಮಾನ್ಯ, ಹೆಚ್ಚಿನ ರಿಪೇರಿಗಳು ಹಾಳಾಗುವುದೂ ಅಲ್ಲಿಯೇ. ಡ್ರಿಲ್ಲು, ಮಿಕ್ಸಿಗಳ ಕಾರ್ಬನ್ 230 ವೋಲ್ಟಿಗೆ ಮಾಡಿದ್ದು. ಅದು ಹೆಚ್ಚುಕಡಿಮೆ ಶುದ್ಧ ಗ್ರ್ಯಾಫೈಟ್. ಕಾರ್ಬನ್ ಮತ್ತು ತಾಮ್ರ ಕೂಡುವ ಜಾಗದಲ್ಲಿ ಒಂದೆರಡು ವೋಲ್ಟ್ ನಷ್ಟವಾದರೆ 230 ವೋಲ್ಟಿನ ಯಂತ್ರಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ, 24 ವೋಲ್ಟಿನಲ್ಲಿ ಅದೇ ನಷ್ಟ ದೊಡ್ಡದು, ಮತ್ತು ಕಳೆದುಹೋದದ್ದೆಲ್ಲ ಆ ಸಣ್ಣ ಜಾಗದಲ್ಲಿ ಶಾಖವಾಗುತ್ತದೆ. ಆದ್ದರಿಂದ ಕಡಿಮೆ ವೋಲ್ಟಿನ, ಹೆಚ್ಚು ಕರೆಂಟಿನ ಮೋಟಾರುಗಳಿಗೆ ತಾಮ್ರದ ಪುಡಿ ಬೆರೆಸಿದ ಕಾರ್ಬನ್ ಬೇಕು. ಬೆಳಕಿಗೆ ಹಿಡಿದರೆ ಅದರಲ್ಲಿ ಕೆಂಪು ಛಾಯೆ ಕಾಣುತ್ತದೆ. ಹಾಗೆಂದು ಸ್ಟಾರ್ಟರ್‌ನ ಕಾರ್ಬನ್ ಕೂಡ ಸರಿಹೊಂದದು. ಅದರಲ್ಲಿ ತಾಮ್ರದ ಪ್ರಮಾಣ ತೀರಾ ಹೆಚ್ಚು. ಒಂದು ಸಲಕ್ಕೆ ಕೆಲವು ಸೆಕೆಂಡು ಮಾತ್ರ ದುಡಿಯುವ ಯಂತ್ರಕ್ಕೆ ಮಾಡಿದ ಅದನ್ನು ಗಂಟೆಗಟ್ಟಲೆ ಓಡುವ ಮೋಟಾರಿಗೆ ಹಾಕಿದರೆ ಕಮ್ಯುಟೇಟರೇ ಸವೆಯುತ್ತದೆ. ಎರಡರ ನಡುವಿನ ದರ್ಜೆಯದನ್ನು ಹುಡುಕಿ, ಅಳತೆಗಿಂತ ತುಸು ದೊಡ್ಡದನ್ನು ತಂದು, ನುಣುಪಾದ ಅರದಿಂದ ತಿಕ್ಕಿ, ಗೂಡಿನಲ್ಲಿ ತಡೆಯಿಲ್ಲದೆ ಏರಿಳಿಯುವಂತೆ ಮಾಡಿಸಿದೆವು. ನಾಲ್ಕನ್ನೂ ಒಟ್ಟಿಗೆ, ನಾಲ್ಕು ಸ್ಪ್ರಿಂಗುಗಳನ್ನೂ ಅವುಗಳ ಜೊತೆಗೆ.

ಕಮ್ಯುಟೇಟರನ್ನು ಸ್ವಚ್ಛ ಮಾಡುವುದಕ್ಕೂ ಒಂದು ಕ್ರಮವಿದೆ. ಎಮರಿ ಕಾಗದ ಬಳಸುವುದಿಲ್ಲ, ಏಕೆಂದರೆ ಅದರ ಕಣಗಳು ಸಂದಿನಲ್ಲಿ ಉಳಿದು ವಿದ್ಯುತ್ತಿಗೆ ದಾರಿ ಮಾಡಿಕೊಡಬಹುದು. ನಯವಾದ ಗಾಜಿನ ಕಾಗದ ಸಾಕು. ಪಟ್ಟಿಗಳ ನಡುವಿನ ಅಭ್ರಕದ ಪದರ ತಾಮ್ರಕ್ಕಿಂತ ಗಟ್ಟಿ, ಹಾಗಾಗಿ ತಾಮ್ರ ಸವೆದಂತೆ ಅದು ಮೇಲೆದ್ದು ಕಾರ್ಬನ್ನನ್ನು ಎತ್ತಿಬಿಡುತ್ತದೆ. ಬ್ಲೇಡಿನ ಚೂರನ್ನು ಸಪೂರ ಮಾಡಿ ಒಂದೊಂದೇ ಸಂದನ್ನು ಕೆರೆದು ತಗ್ಗಿಸಬೇಕು. ಕೊನೆಯಲ್ಲಿ ಕಮ್ಯುಟೇಟರಿಗೆ ಮರಳುಕಾಗದ ಸುತ್ತಿ, ಒರಟು ಮೈ ಹೊರಗಿರುವಂತೆ, ಹೊಸ ಕಾರ್ಬನ್‌ಗಳನ್ನು ಅದರ ಮೇಲೆ ಕೂರಿಸಿ ಶಾಫ್ಟನ್ನು ತಿರುಗಿಸಿದರೆ ಕಾರ್ಬನ್ನಿನ ತುದಿ ಸರಿಯಾದ ಬಾಗಿಗೆ ಬರುತ್ತದೆ. ಇದಿಷ್ಟನ್ನೂ ಅವರು ಅವಸರವಿಲ್ಲದೆ ಮಾಡಿದರು. ಬೇರಿಂಗಿನ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ: ಅದರ ಮೇಲೆ 6203 ಎಂದು ಕೆತ್ತಿತ್ತು, ಅಂದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್, ಎದುರಿನ ಅಂಗಡಿಯಲ್ಲೇ ಸಿಕ್ಕಿತು.

ಮೋಟಾರು ತಿರುಗಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವುದು ಈ ರಿಪೇರಿಯಲ್ಲಿ ಬಹಳ ಅಪಾಯಕಾರಿ. ಬ್ರೇಕು ಅದರಷ್ಟೇ ಮುಖ್ಯ. ಗಾಲಿಕುರ್ಚಿಯ ಬ್ರೇಕು ಕೆಲಸ ಮಾಡುವ ರೀತಿ ಕಾರಿನ ಬ್ರೇಕಿಗೆ ವಿರುದ್ಧವಾದದ್ದು. ಸ್ಪ್ರಿಂಗುಗಳು ಸದಾಕಾಲ ಒಂದು ತಟ್ಟೆಯನ್ನು ಒತ್ತಿ ಶಾಫ್ಟನ್ನು ಹಿಡಿದೇ ಇರುತ್ತವೆ. ಸುರುಳಿಗೆ ವಿದ್ಯುತ್ ಹರಿದಾಗ ಮಾತ್ರ ಅದು ತಟ್ಟೆಯನ್ನು ಹಿಂದಕ್ಕೆ ಸೆಳೆದು ಚಕ್ರವನ್ನು ಬಿಡಿಸುತ್ತದೆ. ಬ್ಯಾಟರಿ ಮುಗಿದರೂ, ತಂತಿ ಕಡಿದರೂ, ಇಳಿಜಾರಿನಲ್ಲಿ ಕಂಟ್ರೋಲರ್ ಕೆಟ್ಟರೂ ಕುರ್ಚಿ ನಿಂತೇ ನಿಲ್ಲಬೇಕು ಎಂಬ ವಿವೇಕ ಈ ರಚನೆಯ ಹಿಂದಿದೆ. ಜಾಯ್‌ಸ್ಟಿಕ್ ಮುಟ್ಟಿದ ಕ್ಷಣ ಹಿಂದಿನಿಂದ ಕೇಳಿಸುವ ಟಿಕ್ ಎಂಬ ಸದ್ದು ತಟ್ಟೆ ಹಿಂದೆ ಸರಿದ ಸದ್ದು. ಮಲೆನಾಡಿನ ಮಳೆಗಾಲದಲ್ಲಿ ತೇವ ಒಳಸೇರಿ ತಟ್ಟೆಗೆ ತುಕ್ಕು ಹಿಡಿದರೆ, ಮಿಲಿಮೀಟರಿನ ಒಂದಂಶದಷ್ಟಿರುವ ಆ ಎಡೆಯಲ್ಲಿ ಅದು ಪೂರ್ತಿ ಸರಿಯದೆ, ಮೋಟಾರು ತನ್ನದೇ ಬ್ರೇಕಿನ ವಿರುದ್ಧ ತಿರುಗುತ್ತ ಬಿಸಿಯಾಗುತ್ತದೆ. ಅಕ್ಕನ ಕುರ್ಚಿಯಲ್ಲಿ ಇದೂ ಇತ್ತು. ತಟ್ಟೆಯನ್ನು ಒರೆಸಿ, ತುಕ್ಕು ತೆಗೆದು, ಎಣ್ಣೆಯ ಸೋಂಕಿಲ್ಲದಂತೆ ಒಣಗಿಸಿ ಕೂರಿಸಲಾಯಿತು.

ಬ್ರೇಕಿನ ಸುರುಳಿ ಕಡಿದುಹೋದಾಗ ಕೆಲವರು ಅದರ ಜಾಗದಲ್ಲಿ ಅಷ್ಟೇ ಓಮ್‌ನ ರೆಸಿಸ್ಟರ್ ಸೇರಿಸಿ, ಬ್ರೇಕು ಇದೆ ಎಂದು ಕಂಟ್ರೋಲರನ್ನು ನಂಬಿಸಿ, ಸ್ಪ್ರಿಂಗುಗಳನ್ನು ತೆಗೆದುಬಿಡುತ್ತಾರೆ. ಕುರ್ಚಿ ಓಡುತ್ತದೆ, ಕೂತವರಿಗೆ ಏನೂ ತಿಳಿಯುವುದಿಲ್ಲ. ರಾಂಪಿನ ನಡುವೆ ಸ್ವಿಚ್ ಆರಿದ ದಿನ ಆ ಕುರ್ಚಿಯನ್ನು ಹಿಡಿದು ನಿಲ್ಲಿಸಲು ಅದರೊಳಗೆ ಬ್ರೇಕೇ ಇರುವುದಿಲ್ಲ. ಇದನ್ನು ಯಾರೂ ಮಾಡಬಾರದು, ಮಾಡಿಸಿಕೊಳ್ಳಲೂಬಾರದು. ರಿಪೇರಿಯಿಂದ ಬಂದ ಕುರ್ಚಿಯನ್ನು ಯಾರೂ ಕೂರದೆ, ತೂಕ ಇಟ್ಟು, ಇಳಿಜಾರಿನಲ್ಲಿ ಸ್ವಿಚ್ ಆರಿಸಿ ನೋಡುವುದು ನಮ್ಮ ಮನೆಯಲ್ಲಿ ಈಗ ಕಡ್ಡಾಯ.

ಎರಡು ಚಕ್ರಗಳಿಗೆ ಎರಡು ಬೇರೆ ಮೋಟಾರು, ಅವೆರಡನ್ನೂ ಒಂದೇ ಜಾಯ್‌ಸ್ಟಿಕ್‌ನಿಂದ ಆಳುವ ಏರ್ಪಾಡು ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಎಂಜಿನಿಯರ್ ಜಾರ್ಜ್ ಕ್ಲೈನ್ ರೂಪಿಸಿದ ಕುರ್ಚಿಯಲ್ಲಿಯೇ ಇದು ಇತ್ತು. ಕುರ್ಚಿ ತಿರುಗುವುದು ಎರಡು ಚಕ್ರಗಳ ವೇಗದ ವ್ಯತ್ಯಾಸದಿಂದ. ಆದ್ದರಿಂದಲೇ ಮೋಟಾರುಗಳು ಸರಿಜೋಡಿಯಾಗಿರಬೇಕು. ಸಾಧಾರಣ ಕುರ್ಚಿಗಳ ಕಂಟ್ರೋಲರ್ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆಯುವುದಿಲ್ಲ. ವೋಲ್ಟು, ಕರೆಂಟುಗಳಿಂದ ಅಂದಾಜು ಮಾಡುತ್ತದೆ, ಆ ಅಂದಾಜಿಗೆ ಮೋಟಾರಿನ ಓಮ್ ಎಷ್ಟೆಂಬ ಸಂಖ್ಯೆಯನ್ನು ಅದರ ನೆನಪಿನಲ್ಲಿ ಬರೆದಿರುತ್ತಾರೆ. ಬಲಕ್ಕೆ ಒಂದು ಬಗೆಯ, ಎಡಕ್ಕೆ ಇನ್ನೊಂದು ಬಗೆಯ ಮೋಟಾರು ಹಾಕಿದರೆ ಕುರ್ಚಿ ಸದಾ ಒಂದು ಕಡೆಗೆ ಎಳೆಯುತ್ತದೆ, ಅದನ್ನು ತಿದ್ದುತ್ತ ಕೂರುವುದು ಬಲವಿಲ್ಲದ ಒಂದು ಕೈಯ ಪಾಲಿಗೆ ಬರುತ್ತದೆ. ಬದಲಾಯಿಸಲೇಬೇಕಾದ ಸಂದರ್ಭ ಬರುತ್ತದೆ ನಿಜ: ಅಯಸ್ಕಾಂತ ಒಡೆದಿದ್ದರೆ, ಕಮ್ಯುಟೇಟರಿನ ಪಟ್ಟಿ ಎದ್ದಿದ್ದರೆ, ಗೇರಿನ ಹಲ್ಲು ಮುರಿದಿದ್ದರೆ ಬೇರೆ ದಾರಿಯಿಲ್ಲ. ಆಗ ಬೋಲ್ಟಿನ ತೂತುಗಳು, ಶಾಫ್ಟಿನ ವ್ಯಾಸ, ಎಡ ಬಲಗಳ ಭೇದ, ಬ್ರೇಕಿನ ಸುರುಳಿ 12 ವೋಲ್ಟಿನದೋ 24 ವೋಲ್ಟಿನದೋ ಎಂಬುದನ್ನು ನೋಡಿ, ಸಾಧ್ಯವಾದರೆ ಜೋಡಿಯನ್ನೇ ಬದಲಾಯಿಸಿ, ತೆಗೆದ ಹಳೆಯದನ್ನು ಬಿಡಿಭಾಗಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಮೋಟಾರು ಇಷ್ಟು ಬೇಗ ಏಕೆ ದಣಿಯಿತು ಎಂದು ಲೆಕ್ಕ ಹಾಕಿದಾಗ ಉತ್ತರ ನಮ್ಮ ಮನೆಯ ಬಾಗಿಲಿನಲ್ಲೇ ಸಿಕ್ಕಿತು. ರಾಂಪಿಗೆ ಒಪ್ಪಿತವಾದ ಇಳಿಜಾರು ಹನ್ನೆರಡಕ್ಕೆ ಒಂದು. ನಮ್ಮ ಕಡೆ ಮನೆಯ ಪಾಯ ರಸ್ತೆಯಿಂದ ಎರಡು ಅಡಿ ಎತ್ತರವಿರುವುದು ಸಾಮಾನ್ಯ, ಅದಕ್ಕೆ ಇಪ್ಪತ್ತನಾಲ್ಕು ಅಡಿ ಉದ್ದದ ರಾಂಪು ಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಅಷ್ಟು ಜಾಗವನ್ನು ಯಾರು ಬಿಟ್ಟಿರುತ್ತಾರೆ? ಎಂಟು ಅಡಿಯಲ್ಲಿ ಗಾರೆಯವರು ಸಿಮೆಂಟು ಎಳೆದು ಮುಗಿಸುತ್ತಾರೆ, ಇಳಿಜಾರು ನಾಲ್ಕಕ್ಕೆ ಒಂದು ಆಗುತ್ತದೆ. ಕುರ್ಚಿ ಮತ್ತು ಕೂತವರ ಒಟ್ಟು ತೂಕ 150 ಕಿಲೊ ಎಂದಿಟ್ಟುಕೊಂಡರೆ, ಹನ್ನೆರಡಕ್ಕೊಂದರ ರಾಂಪು ಹತ್ತಲು, ಚಕ್ರ ಉರುಳುವಾಗಿನ ತಡೆಯೂ ಸೇರಿ, ಸುಮಾರು 150 ನ್ಯೂಟನ್ ಬಲ ಸಾಕು. ನಾಲ್ಕಕ್ಕೊಂದರಲ್ಲಿ ಸುಮಾರು 390 ಬೇಕು. ಈ ಬಗೆಯ ಮೋಟಾರಿನಲ್ಲಿ ಬಲ ಹೆಚ್ಚಿದಷ್ಟೇ ಪಾಲಿನಲ್ಲಿ ಕರೆಂಟು ಹೆಚ್ಚುತ್ತದೆ, ಸುರುಳಿಯ ಶಾಖವೋ ಕರೆಂಟಿನ ವರ್ಗದಷ್ಟು ಏರುತ್ತದೆ. ಬಲ ಎರಡೂವರೆ ಪಟ್ಟಾದರೆ ಶಾಖ ಆರು ಪಟ್ಟಿಗೂ ಹೆಚ್ಚು. ಈ ಲೆಕ್ಕದ ಮುಂದೆ ಕುರ್ಚಿಯ ತಯಾರಕರನ್ನು ದೂರಿ ಫಲವಿಲ್ಲ. ಆ ರಾಂಪನ್ನು ಒಡೆಸಿ, ಕಾಂಪೌಂಡಿನ ಗೋಡೆಗುಂಟ ತಿರುವು ಕೊಟ್ಟು, ನಡುವೆ ಸಮತಟ್ಟಾದ ಜಾಗ ಬಿಟ್ಟು ಹೊಸದನ್ನು ಮಾಡಿಸಿದ್ದೇವೆ. ಅಕ್ಕನ ಹೂಗಿಡಗಳ ಸಾಲು ಅದಕ್ಕಾಗಿ ತಾರಸಿಗೆ ಹೋಯಿತು.

ಬೇರಿಂಗಿಗೆ ಜಗತ್ತಿನಾದ್ಯಂತ ಒಂದೇ ಸಂಖ್ಯೆ ಇದೆ, ಕಾರ್ಬನ್ನಿಗೆ ಇಲ್ಲ. ಅದರ ದರ್ಜೆ, ಅಳತೆ, ಎಷ್ಟು ಸವೆದಾಗ ಬದಲಾಯಿಸಬೇಕು ಎಂಬ ವಿವರ ಬಳಕೆದಾರರ ಕೈಗೆ ಬರುವ ಪುಸ್ತಿಕೆಯಲ್ಲಿ ಇರಲಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ 2022ರಲ್ಲಿ ವಿದ್ಯುತ್ ಗಾಲಿಕುರ್ಚಿಗಳಿಗೆಂದೇ ಕಾನೂನು ಮಾಡಿ, ಬಿಡಿಭಾಗ, ಸಾಫ್ಟ್‌ವೇರ್, ರಿಪೇರಿಯ ಪುಸ್ತಿಕೆಗಳನ್ನು ಮಾಲೀಕರಿಗೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೂ ಕೊಡಬೇಕೆಂದು ತಯಾರಕರಿಗೆ ವಿಧಿಸಿತು. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿ, ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೆಯಿತು. ಅದು ಮೊದಲಿಗೆ ಎತ್ತಿಕೊಂಡದ್ದು ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆಯ ವಸ್ತು, ವಾಹನ ಎಂಬ ನಾಲ್ಕು ವರ್ಗಗಳನ್ನು. ಗಾಲಿಕುರ್ಚಿಗೆ ಅದರಲ್ಲಿ ತನ್ನದೇ ವರ್ಗವೊಂದು ಬೇಕು ಎಂಬುದು ನನ್ನ ಆಗ್ರಹ. 1981ರಿಂದ ಅಡಿಪ್ ಎಂಬ ಕೇಂದ್ರದ ಯೋಜನೆಯಡಿ ಅಂಗವಿಕಲರಿಗೆ ಸಾಧನಗಳನ್ನು ಹಂಚುತ್ತಿರುವ ದೇಶದಲ್ಲಿ, ಹಂಚಿದ ಸಾಧನ ಓಡುತ್ತಲೇ ಇರುವಂತೆ ನೋಡಿಕೊಳ್ಳುವುದೂ ಆ ಯೋಜನೆಯಷ್ಟೇ ಹೊಣೆಯಾಗಬೇಕು. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಸ್ಟಾರ್ಟರ್ ಸರಿಮಾಡುವ ಒಬ್ಬರಿಗೆ ಈ ಮೋಟಾರು ಮತ್ತು ಬ್ರೇಕಿನ ಬಗ್ಗೆ ಕೆಲವೇ ದಿನಗಳ ತರಬೇತಿ ಕೊಟ್ಟರೆ ಸಾಕು. ಕೈಕಸುಬು ಅವರಲ್ಲಿ ಆಗಲೇ ಇದೆ.

ಅಕ್ಕನ ಕುರ್ಚಿ ಈಗ ನೇರವಾಗಿ ಓಡುತ್ತಿದೆ. ಆಸನದ ಹಿಂದಿನ ಚೀಲದಲ್ಲಿ ಒಂದು ಜೊತೆ ಕಾರ್ಬನ್ ಮತ್ತು ಸ್ಪ್ರಿಂಗುಗಳನ್ನು ಇಟ್ಟು, ಅವುಗಳ ಉದ್ದ, ಅಗಲ, ದಪ್ಪ, ದರ್ಜೆ, ಎರಡೂ ಮೋಟಾರುಗಳ ಮತ್ತು ಬ್ರೇಕುಗಳ ಓಮ್ ಅಳತೆಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿದ್ದೇವೆ, ನಾನಿಲ್ಲದ ಊರಿನಲ್ಲಿ ಕುರ್ಚಿ ನಿಂತರೂ ಅಲ್ಲಿನ ಮೆಕ್ಯಾನಿಕ್ ಓದಿಕೊಳ್ಳಲಿ ಎಂದು. ಎಡಗಡೆಯ ಮೋಟಾರೂ ಅಷ್ಟೇ ರಾಂಪು ಹತ್ತಿದೆ, ಅದರ ಕಾರ್ಬನ್‌ಗಳನ್ನು ಮುಂಗಾರು ಹಿಡಿಯುವ ಮೊದಲು ಬಿಚ್ಚಿ ಅಳೆಯುವುದಾಗಿ ಮೆಕ್ಯಾನಿಕ್ ದಿನ ಗೊತ್ತುಮಾಡಿದ್ದಾರೆ.